ಯಂತ್ರ ಒಪ್ಪದ ಬೆರಳು

ದಾವಣಗೆರೆಯ ಯಾವುದಾದರೂ ನ್ಯಾಯಬೆಲೆ ಅಂಗಡಿಯ ಮುಂದೆ, ಅಕ್ಕಿ ಕೊಡುವ ದಿನ, ಸ್ವಲ್ಪ ಹೊತ್ತು ನಿಂತು ನೋಡಿ. ವಯಸ್ಸಾದವರೊಬ್ಬರು ಸಣ್ಣ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ. ಯಂತ್ರ ಒಪ್ಪುವುದಿಲ್ಲ. ‘ಅಜ್ಜಿ, ತಲಿಗೆ ಒರೆಸ್ಕಂಡು ಇನ್ನೊಂದ್ಸಲ ಇಡ್ರಿ’ ಎನ್ನುತ್ತಾನೆ ಅಂಗಡಿಯವನು. ಅಜ್ಜಿ ಬೈತಲೆಯ ಮೇಲೆ ಬೆರಳು ಉಜ್ಜಿಕೊಂಡು ಮತ್ತೆ ಇಡುತ್ತಾರೆ. ಕೆಲವು ಸಲ ಕೆಲಸ ಆಗುತ್ತದೆ. ಆಗದಿದ್ದರೆ ತೋರುಬೆರಳು, ಆಮೇಲೆ ಎಡಗೈ, ಆಮೇಲೆ ‘ನಾಳೆ ಬರ್ರಿ, ಸರ್ವರ್ ಬ್ಯುಸಿ ಐತಿ’.

ತಲೆಗೆ ಒರೆಸಿಕೊಳ್ಳುವ ಈ ಉಪಾಯವನ್ನು ಯಾವ ಎಂಜಿನಿಯರೂ ಹೇಳಿಕೊಟ್ಟಿಲ್ಲ. ಆದರೂ ಇದರ ಹಿಂದೆ ಅಚ್ಚುಕಟ್ಟಾದ ಭೌತಶಾಸ್ತ್ರವಿದೆ. ಬಹಳಷ್ಟು ಬೆರಳಚ್ಚು ಯಂತ್ರಗಳಲ್ಲಿ ಗಾಜಿನ ಕೆಳಗಿನಿಂದ ಬೆಳಕನ್ನು ಓರೆಯಾಗಿ ಬಿಡುತ್ತಾರೆ. ಗಾಜಿನ ಆಚೆ ಬರೀ ಗಾಳಿ ಇದ್ದರೆ, ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಿದ್ದ ಬೆಳಕು ಹೊರಗೆ ಹೋಗಲಾರದೆ ಪೂರ್ತಿ ಒಳಕ್ಕೇ ಹಿಂದಿರುಗುತ್ತದೆ. ಪೂರ್ಣ ಆಂತರಿಕ ಪ್ರತಿಫಲನ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ. ಬೆರಳಿನ ಏರುಗೆರೆ ಗಾಜಿಗೆ ತಾಗಿದ ಕಡೆ ಮಾತ್ರ ಬೆಳಕು ಚರ್ಮದೊಳಕ್ಕೆ ಸೋರಿಹೋಗಿ ಅಲ್ಲೊಂದು ಕಪ್ಪುಗೆರೆ ಮೂಡುತ್ತದೆ. ಗೆರೆ ಗೆರೆಗಳ ನಡುವಿನ ಅಂತರ ಸುಮಾರು ಅರ್ಧ ಮಿಲಿಮೀಟರ್. ಒಣಗಿದ ಬೆರಳಾದರೆ ಗೆರೆ ಗಾಜಿಗೆ ಸರಿಯಾಗಿ ಅಂಟುವುದಿಲ್ಲ. ನಡುವೆ ಗಾಳಿ ಸಿಕ್ಕಿಕೊಂಡು ಚಿತ್ರ ತುಂಡುತುಂಡಾಗುತ್ತದೆ. ತಲೆಯ ಜಿಡ್ಡು ಆ ಗಾಳಿಯ ಜಾಗವನ್ನು ತುಂಬುತ್ತದೆ.

ಯಂತ್ರ ಇಡೀ ಚಿತ್ರವನ್ನು ಹೋಲಿಸಿ ನೋಡುವುದಿಲ್ಲ. ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಕವಲೊಡೆಯಿತು ಎಂಬ ಗುರುತುಗಳನ್ನು ಮುಖ್ಯವಾಗಿ ಹೆಕ್ಕಿಕೊಂಡು, ಆಧಾರ್ ಮಾಡಿಸಿದ ದಿನ ಸಿಕ್ಕಿದ್ದ ಗುರುತುಗಳ ಜೊತೆ ತಾಳೆ ನೋಡುತ್ತದೆ. ಸವೆದ ಬೆರಳಿನಲ್ಲಿ ಮುರಿದ ಗೆರೆಗಳೆಲ್ಲ ‘ಮುಗಿದ ಗೆರೆ’ಗಳಾಗಿ ಕಾಣುತ್ತವೆ. ಲೆಕ್ಕ ತಪ್ಪುವುದು ಅಲ್ಲಿಯೇ.

ಈಗ ಈ ಸೀಮೆಯಲ್ಲಿ ಯಾರ ಬೆರಳು ಸವೆಯುತ್ತದೆ ಎಂದು ನೋಡಿ. ದಾವಣಗೆರೆ ಮತ್ತು ಹರಿಹರದ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಎಲೆ ನೆನೆಸಿ, ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ, ತಂಬಾಕು ಸುರಿದು, ಬೆರಳ ತುದಿಯಲ್ಲಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯಬೇಕು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಎಂದರೆ ಒಂದೇ ಬೆರಳ ತುದಿ ಅದೇ ಒರಟು ಎಲೆಯ ಮೇಲೆ ಸಾವಿರ ಸಲ ಉಜ್ಜಿಕೊಳ್ಳಬೇಕು. ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಮುಂದೆ ನಿಲ್ಲುವವರಿದ್ದಾರೆ. ಗಾರೆ ಕೆಲಸದವರ ಕೈಗಂತೂ ಸಿಮೆಂಟಿನ ಕ್ಷಾರ ನೆತ್ತಿಗೇರಿದ ಬಿಸಿಲಿಗಿಂತ ಕಠೋರ. ಬೆರಳ ಗೆರೆಯ ಬೇರು ಚರ್ಮದ ಒಳಪದರದಲ್ಲಿರುವುದರಿಂದ, ಕೆಲವು ವಾರ ಕೈಗೆ ಬಿಡುವು ಸಿಕ್ಕರೆ ಅದೇ ವಿನ್ಯಾಸ ಮತ್ತೆ ಮೂಡುತ್ತದೆ. ಬೀಡಿ ಕಟ್ಟುವವರಿಗೆ ಆ ಕೆಲವು ವಾರಗಳ ಕೂಲಿ ಕೊಡುವವರು ಯಾರು?

ಡಿಜಿಟಲ್ ಕಂದಕ ಎಂದ ಕೂಡಲೇ ನಮಗೆ ನೆನಪಾಗುವುದು ಬೇರೆ ಚಿತ್ರ: ಫೋನಿಲ್ಲದ ಮನೆ, ಸಿಗ್ನಲ್ ಸಿಗದ ಹಳ್ಳಿ. ಅದೂ ಸುಳ್ಳೇನಲ್ಲ. ವಿಶ್ವಸಂಸ್ಥೆಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 260 ಕೋಟಿ ಜನ ಇಂಟರ್ನೆಟ್ ಬಳಸುತ್ತಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದವರು ಕರ್ನಾಟಕದ ಗಂಡಸರಲ್ಲಿ ಶೇ. 62.4, ಹೆಂಗಸರಲ್ಲಿ ಶೇ. 35. ಒಂದೇ ಮನೆಯೊಳಗೆ, ಒಂದೇ ಟವರಿನ ಕೆಳಗೆ ಇಷ್ಟು ಅಂತರ. ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೇ ಜಾಗ ಗಿಟ್ಟಿಸಿತು. ಊರು ಸ್ಮಾರ್ಟ್ ಆದರೂ ಫೋನು ಮಗನ ಜೇಬಿನಲ್ಲೇ ಉಳಿಯಿತು.

ಆದರೆ ಇನ್ನೊಂದು ಕಂದಕವಿದೆ. ಫೋನು ಇದೆ, ಸಿಗ್ನಲ್ ಇದೆ, ಕಾರ್ಡೂ ಇದೆ. ಯಂತ್ರದ ಮುಂದೆ ಕೆಲವರು ಮಾತ್ರ ಪದೇಪದೇ ಸೋಲುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಸಂಖ್ಯಾಶಾಸ್ತ್ರ ಬೇಕು. ಬೆರಳಚ್ಚು ವ್ಯವಸ್ಥೆ ಎರಡು ಬಗೆಯಲ್ಲಿ ತಪ್ಪಬಹುದು: ಬೇರೆಯವರನ್ನು ಒಪ್ಪಿಕೊಳ್ಳುವುದು, ಇಲ್ಲವೇ ನಿಜವಾದವರನ್ನು ತಳ್ಳಿಹಾಕುವುದು. ಎಷ್ಟು ಗುರುತು ತಾಳೆಯಾದರೆ ಸಾಕು ಎಂಬ ಮಿತಿಯನ್ನು ಬಿಗಿ ಮಾಡಿದರೆ ಕಳ್ಳ ಸಿಕ್ಕುತ್ತಾನೆ, ಜೊತೆಗೆ ಅಜ್ಜಿಯೂ ಸಿಕ್ಕುತ್ತಾಳೆ. ಸಡಿಲಿಸಿದರೆ ಇಬ್ಬರೂ ಪಾರು. ಎರಡನ್ನೂ ಒಟ್ಟಿಗೆ ಸೊನ್ನೆಗೆ ಇಳಿಸಿದ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ. ಮಾತಿಗೆ, ನೂರಕ್ಕೆ ಒಬ್ಬರನ್ನು ಯಂತ್ರ ತಪ್ಪಾಗಿ ತಳ್ಳುತ್ತದೆ ಎಂದುಕೊಳ್ಳೋಣ. ಕೇಳಲು ಚೆನ್ನಾಗಿದೆ, ಶೇ. 99 ಯಶಸ್ಸು. ಗೃಹಲಕ್ಷ್ಮಿಯಂಥ ಯೋಜನೆಗೆ ನೋಂದಾಯಿಸಿಕೊಂಡವರು ಒಂದು ಕೋಟಿಗೂ ಹೆಚ್ಚು. ಕೋಟಿಯಲ್ಲಿ ಶೇ. 1 ಎಂದರೆ ಲಕ್ಷ ಜನ. ಈ ಲಕ್ಷ ಜನ ತಿಂಗಳಿಗೊಮ್ಮೆ ಬದಲಾಗುವ ಲಾಟರಿಯಲ್ಲಿ ಸಿಕ್ಕಿಬಿದ್ದವರೂ ಅಲ್ಲ. ಬೆರಳು ಸವೆದವರು ಪ್ರತಿ ತಿಂಗಳೂ ಸವೆದವರೇ. ಸರಾಸರಿಯಲ್ಲಿ ಶೇ. 99 ಗೆದ್ದ ಯಂತ್ರ ಬೀಡಿ ಕಟ್ಟುವವರ ಓಣಿಯಲ್ಲಿ ಎಷ್ಟು ಗೆದ್ದಿತು ಎಂಬ ಪ್ರಶ್ನೆಗೆ ಆ ಸರಾಸರಿ ಉತ್ತರ ಕೊಡುವುದಿಲ್ಲ.

ತಮಾಷೆಯೆಂದರೆ ಕಳ್ಳನಿಗೆ ಈ ಕಷ್ಟ ಇದ್ದಂತಿಲ್ಲ. 2023ರಲ್ಲಿ ಮಂಗಳೂರಿನಲ್ಲಿ, ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಹೋಯಿತೆಂಬ ದೂರುಗಳು ಬಂದವು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿರಬಹುದು ಎಂಬುದು ತನಿಖೆಯ ಜಾಡಾಗಿತ್ತು. ಅಸಲಿ ಬೆರಳಿನ ಅಜ್ಜಿ ಸಾಲಿನಲ್ಲಿ ನಿಂತೇ ಇರುತ್ತಾಳೆ, ನಕಲಿ ಬೆರಳು ದುಡ್ಡು ಎಣಿಸಿಕೊಂಡು ಹೋಗುತ್ತದೆ.

ನಿಯಮದಲ್ಲಿ ದಾರಿ ಇಲ್ಲದಿಲ್ಲ. ಬೆರಳು ತಾಳೆಯಾಗದ ಮಾತ್ರಕ್ಕೆ ಯಾರಿಗೂ ಪಡಿತರ ನಿರಾಕರಿಸಬಾರದು ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಕಣ್ಣಿನ ಪಾಪೆ, ಮೊಬೈಲಿಗೆ ಬರುವ ಒಟಿಪಿ, ಮುಖ ಗುರುತು ಎಂಬ ಬದಲಿ ದಾರಿಗಳೂ ಇವೆ. ಆದರೆ ಸುತ್ತೋಲೆಗೆ ಕಾಲಿಲ್ಲ. ಅಂಗಡಿಯವನು ‘ಆಗ್ತಿಲ್ರಿ’ ಎಂದಾಗ, ‘ಇಂಥ ಸುತ್ತೋಲೆ ಇದೆ’ ಎಂದು ಎದುರಾಡುವ ಧೈರ್ಯ ಎಷ್ಟು ಜನಕ್ಕೆ ಇದೆ?

ಡಿಜಿಟಲ್ ಕಂದಕಕ್ಕೆ ಸರ್ಕಾರ ಕಂಡುಕೊಂಡ ಒಂದು ಪರಿಹಾರ ಮೊದಲು ಕಣ್ಣುಬಿಟ್ಟದ್ದು ಇದೇ ಜಿಲ್ಲೆಯಲ್ಲಿ. ಹಳ್ಳಿಯವರು ಅರ್ಜಿ ಹಾಕಲು ತಾಲ್ಲೂಕು ಕಚೇರಿಗೆ ಅಲೆಯಬಾರದೆಂದು ಪಂಚಾಯಿತಿ ಮಟ್ಟದಲ್ಲಿ ತೆರೆದ ‘ಗ್ರಾಮ ಒನ್’ ಕೇಂದ್ರಗಳು ಪ್ರಯೋಗವಾಗಿ ಶುರುವಾದದ್ದು 2020ರ ಕೊನೆಯಲ್ಲಿ, ದಾವಣಗೆರೆ ಜಿಲ್ಲೆಯಲ್ಲಿ. 2022ರ ಜನವರಿ 26ರಂದು ಅವು 12 ಜಿಲ್ಲೆಗಳಿಗೆ ಹಬ್ಬಿದವು. ಈ ಕೇಂದ್ರಗಳ ಬಗ್ಗೆ ನನಗೆ ಗೌರವವಿದೆ. ಎಲ್ಲರೂ ಕಂಪ್ಯೂಟರ್ ಕಲಿಯಲಿ ಎಂದು ಕಾಯುವುದಕ್ಕಿಂತ, ಕಲಿತ ಹುಡುಗನೊಬ್ಬನನ್ನು ಊರಿನಲ್ಲೇ ಕೂರಿಸುವುದು ಮನುಷ್ಯರನ್ನು ಬಲ್ಲವರ ಯೋಚನೆ. ಹರಿಹರಕ್ಕೆ ಬಸ್ಸಿನ ದುಡ್ಡು, ಒಂದು ದಿನದ ಕೂಲಿ, ಎರಡೂ ಉಳಿಯುತ್ತವೆ.

ಆದರೆ ಆ ಮೇಜಿನ ಮುಂದೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಫೋನನ್ನೇ ಹುಡುಗನ ಕೈಗೆ ಕೊಟ್ಟುಬಿಡುತ್ತಾರೆ. ಒಟಿಪಿ ಬಂದರೆ ಸಾಲಿಗೆಲ್ಲ ಕೇಳುವಂತೆ ಓದಿ ಹೇಳುತ್ತಾರೆ. ಆಧಾರ್ ಜೆರಾಕ್ಸ್ ಎರಡು ಹೆಚ್ಚಿಗೇ ಇಟ್ಟು ಬರುತ್ತಾರೆ, ‘ಬೇಕಾದ್ರೆ ಇರ್ಲಿ’ ಎಂದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಆ ಹಕ್ಕು ಗ್ರಾಮ ಒನ್ ಮೇಜಿನ ತನಕ ಬರಬೇಕಾದರೆ ದೊಡ್ಡ ತಂತ್ರಜ್ಞಾನವೇನೂ ಬೇಡ. ಆಧಾರ್ ಸಂಖ್ಯೆಯ ಬದಲು ಕೊಡಬಹುದಾದ 16 ಅಂಕಿಯ ವರ್ಚುವಲ್ ಐಡಿ 2018ರಿಂದಲೇ ಇದೆ. ಅದನ್ನು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

ಇನ್ನು ‘ಎನ್‌ಪಿಸಿಐ ಆಗಿಲ್ಲ’ ಎಂಬ ಮಾತು. ಗೃಹಲಕ್ಷ್ಮಿಯ ಎರಡು ಸಾವಿರ ಬಂದಿಲ್ಲ ಎಂದು ಬ್ಯಾಂಕಿಗೆ ಹೋದವರಿಗೆಲ್ಲ ಈ ನಾಲ್ಕು ಅಕ್ಷರ ಬಾಯಿಪಾಠ. ವಿಷಯ ಸರಳ. ಆಧಾರ್ ಮೂಲಕ ಹಣ ಹಾಕುವಾಗ ಖಾತೆ ಸಂಖ್ಯೆ ಲೆಕ್ಕಕ್ಕೇ ಬರುವುದಿಲ್ಲ. ಯಾವ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ಒಂದು ಪಟ್ಟಿ ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದಲ್ಲಿದೆ. ಒಂದು ಆಧಾರಿಗೆ ಅಲ್ಲಿ ಒಂದೇ ಬ್ಯಾಂಕು, ಅದೂ ಕೊನೆಯದಾಗಿ ಜೋಡಿಸಿದ್ದು. ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆದು ಆಧಾರ್ ಜೋಡಿಸಿದರೆ, ಹಣ ಸದ್ದಿಲ್ಲದೆ ಅತ್ತ ತಿರುಗಬಹುದು. ಹಳೆಯ ಪಾಸ್‌ಬುಕ್ ಹಿಡಿದು ಅಲೆಯುವಾಕೆಗೆ ಇದನ್ನು ಒಂದು ವಾಕ್ಯದಲ್ಲಿ ಕನ್ನಡದಲ್ಲಿ ಬರೆದ ಸಂದೇಶ ಕಳಿಸಲು ಏನು ತೊಂದರೆ?

ಹೆಸರಿನ ಗೊಂದಲವೂ ಇದೆ. ಹನುಮಂತಪ್ಪ ಎಂಬುವನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಎಚ್ ಹೆಚ್ಚಾದರೆ ಕಂಪ್ಯೂಟರಿಗೆ ಅವನು ಬೇರೆ ಮನುಷ್ಯ. ದಾವಣಗೆರೆಯೇ ಜಿಲ್ಲಾಡಳಿತದ ಇಂಗ್ಲಿಷಿನಲ್ಲಿ ಒಂದು ಬಗೆ, ವಿಶ್ವವಿದ್ಯಾಲಯದ ಇಂಗ್ಲಿಷಿನಲ್ಲಿ ನಡುವಿನ ಒಂದು ‘ಎ’ ಬಿಟ್ಟು ಇನ್ನೊಂದು ಬಗೆ. ಊರಿಗೆ ಸಲ್ಲುವ ಸಲಿಗೆ ಹನುಮಂತಪ್ಪನಿಗಿಲ್ಲ, ಅವನು ಅಫಿಡವಿಟ್ ಮಾಡಿಸಬೇಕು.

ಮಾತನಾಡಿದರೆ ಅರ್ಥ ಮಾಡಿಕೊಳ್ಳುವ ಯಂತ್ರ ಬಂದರೆ ಇದೆಲ್ಲ ಸಲೀಸಾದೀತು ಎನ್ನುವವರಿದ್ದಾರೆ. ಬರಲಿ. ಆದರೆ ಧ್ವನಿ ಗುರುತಿಸುವ ತಂತ್ರಾಂಶ ತಾನು ಕೇಳಿದ ಕನ್ನಡವನ್ನಷ್ಟೇ ಕಲಿಯುತ್ತದೆ. ‘ರೊಕ್ಕ ಬಂದೈತೇನು’ ಎಂಬುದನ್ನು ಸಾಕಷ್ಟು ಸಲ ಕೇಳಿರದ ಯಂತ್ರ ತಬ್ಬಿಬ್ಬಾದರೆ ಆಶ್ಚರ್ಯವಿಲ್ಲ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಯವರ ಕನ್ನಡವನ್ನು ಅವರ ಫೋನಿನಲ್ಲೇ ದಾಖಲಿಸಿ ಒಳ್ಳೆಯ ಕೂಲಿ ಕೊಡುತ್ತದೆ, ಆ ಧ್ವನಿಸಂಗ್ರಹ ಮುಂದೆ ಮತ್ತೆ ಮಾರಾಟವಾದರೆ ಅದರಲ್ಲೂ ಪಾಲು ಕೊಡುವ ಏರ್ಪಾಡು ಮಾಡಿಕೊಂಡಿದೆ. ನನಗೆ ಹಿಡಿಸಿದ್ದು ಆ ಪಾಲಿನ ಮಾತು. ಜನರ ನಾಲಿಗೆಯಿಂದ ತೆಗೆದುಕೊಂಡದ್ದನ್ನು ಜನರಿಗೇ ಉಪಕಾರ ಎಂದು ಮಾರುವುದು ಸುಲಭ. ಅದಕ್ಕೆ ಬೆಲೆ ಕಟ್ಟಿ ಕೊಡುವವರು ಕಡಿಮೆ.

ಬೆಲೆ ಕೊಡುವ ಮಾತು ಬಂತಲ್ಲ, ಯಂತ್ರದ ತಪ್ಪಿನ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಕರ್ನಾಟಕದ ಕಾನೂನಿನಲ್ಲೇ ಅರ್ಧ ಉತ್ತರವಿದೆ. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ಯೋಜನೆಯಲ್ಲಿ, ಅರ್ಜಿ ಕೊಟ್ಟವರಿಗೆ ಒಂದು ಸಂಖ್ಯೆ ಸಿಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ, ತತ್ವ ದೊಡ್ಡದು: ತಡ ಮಾಡಿದ್ದು ಕಚೇರಿಯಾದರೆ ತೆರಬೇಕಾದ್ದೂ ಕಚೇರಿಯೇ. ಆದರೆ ಈ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಒಳಗೆ ಹೋದ ಮೇಲೆ. ಬೆರಳು ತಾಳೆಯಾಗದೆ ಬಾಗಿಲಲ್ಲೇ ನಿಂತವರಿಗೆ ಸಂಖ್ಯೆಯೂ ಇಲ್ಲ, ಗಡುವೂ ಇಲ್ಲ. ಅವರು ಬಂದಿದ್ದರು ಎಂಬುದಕ್ಕೆ ಅವರ ಕೈಯಲ್ಲಿ ಒಂದು ತುಂಡು ಕಾಗದವೂ ಇರುವುದಿಲ್ಲ.

ಅಕ್ಕಿ ಕೊಟ್ಟಾಗ ರಸೀದಿ ಮುದ್ರಿಸುವ ಯಂತ್ರ, ಕೊಡದಿದ್ದಾಗಲೂ ಒಂದು ಚೀಟಿ ಮುದ್ರಿಸಬಲ್ಲದು: ಇಂಥ ದಿನ, ಇಷ್ಟು ಗಂಟೆಗೆ, ಇಂಥ ಕಾರ್ಡಿನವರ ಬೆರಳು ತಾಳೆಯಾಗಲಿಲ್ಲ, ಬದಲಿ ದಾರಿ ಇಂಥದ್ದು. ಅಂಥ ಚೀಟಿಗಳನ್ನು ಆರು ತಿಂಗಳು ಕೂಡಿಟ್ಟು ಹಳ್ಳಿಯಲ್ಲಿ ಗ್ರಾಮಸಭೆಯ ಮುಂದೆ, ಪಟ್ಟಣದಲ್ಲಿ ವಾರ್ಡಿನ ಸದಸ್ಯರ ಮುಂದೆ ಸುರಿದರೆ, ಯಾವ ಓಣಿಯಲ್ಲಿ ಯಂತ್ರ ಎಷ್ಟು ಸಲ ಸೋತಿತು ಎಂಬ ಲೆಕ್ಕ ಅಂದೇ ಸಿಗುತ್ತದೆ.