ಹನ್ನೆರಡು ಸಾವಿರ ಗುರುಗಳು

ಗುರುಗ್ರಹದ ಮೊದಲ ಫೋಟೊ ತೆಗೆದಾಗ ನನಗೆ ಸಿಕ್ಕಿದ್ದು ಒಂದು ಸುಣ್ಣದ ಚುಕ್ಕೆ. ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡಿದರೆ ಎರಡು ಕಂದು ಪಟ್ಟಿಗಳೂ ಪಕ್ಕದಲ್ಲಿ ಸಾಲಾಗಿ ನಿಂತ ನಾಲ್ಕು ಚಂದ್ರರೂ ಚೆನ್ನಾಗಿ ಕಾಣುತ್ತಿದ್ದವು. ಅದೇ ಜಾಗಕ್ಕೆ ಮೊಬೈಲ್ ಹಿಡಿದು ಒತ್ತಿದರೆ ಮಾತ್ರ ಚುಕ್ಕೆ. ಸುತ್ತಲಿನ ಕತ್ತಲು ನೋಡಿ ಬೆಳಕು ಸಾಲದು ಅಂದುಕೊಂಡ ಮೊಬೈಲು ಗುರುವನ್ನು ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಬೆಳಗಿಬಿಟ್ಟಿತ್ತು.

ಗ್ರಹಗಳಿಗೆ ಬೆಳಕಿನ ಬಡತನವಿಲ್ಲ. ಬೆಂಗಳೂರಿನ ತಾರಸಿಯಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡಿದ್ದೇನೆ ಎಂದರೆ, "ಇಲ್ಲಿ ಆಕಾಶ ಎಲ್ಲಿದೆ ಸಾರ್?" ಎಂದು ಕೇಳುವವರೇ ಹೆಚ್ಚು. ನೀಹಾರಿಕೆ, ಗೆಲಾಕ್ಸಿಗಳ ಮಟ್ಟಿಗೆ ಅವರ ಮಾತು ಸರಿ. ಅವಕ್ಕೆ ನಗರದ ದೀಪಗಳು ಶತ್ರು. ಆದರೆ ಗುರು, ಶುಕ್ರ, ಶನಿ, ಮಂಗಳ ನೇರ ಬಿಸಿಲು ಬಿದ್ದು ಹೊಳೆಯುವ ಗೋಳಗಳು. ಬೀದಿದೀಪದ ಕೆಳಗೆ ನಿಂತರೂ ಕಾಣುತ್ತವೆ. ಒಂದು ಸೆಕೆಂಡಿನ ನೂರನೆಯ ಒಂದು ಭಾಗ ಕ್ಯಾಮೆರಾ ಕಣ್ಣು ತೆರೆದರೆ ಗುರುವಿಗೆ ಸಾಕು. ಗ್ರಹದ ಫೋಟೊ ತೆಗೆಯುವವನ ಜಗಳವೆಲ್ಲ ಗಾಳಿಯ ಜೊತೆ.

ಮೊದಲು ಗಾತ್ರದ ಲೆಕ್ಕ. ಬೀದಿಯ ಆ ತುದಿಯಲ್ಲಿ, ನೂರು ಮೀಟರ್ ದೂರದಲ್ಲಿ, ಯಾರೋ ಐದು ರೂಪಾಯಿ ನಾಣ್ಯ ಹಿಡಿದು ನಿಂತಿದ್ದಾರೆ ಎನ್ನಿ. ಗುರು ನಮಗೆ ತೀರ ಹತ್ತಿರ ಬಂದಾಗಲೂ ಆಕಾಶದಲ್ಲಿ ಅದರ ಗಾತ್ರ ಅಷ್ಟೇ, ಸುಮಾರು 48 ಆರ್ಕ್ ಸೆಕೆಂಡ್. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಬರುವ ಒಂದು ಪಾಲೇ ಆರ್ಕ್ ಸೆಕೆಂಡ್. ನನ್ನದು ಎಂಟು ಇಂಚಿನ ಕನ್ನಡಿ, ಅದರ ಫೋಕಲ್ ಉದ್ದ 1200 ಮಿಲಿಮೀಟರ್. ಇದು ಕ್ಯಾಮೆರಾದ ಸೆನ್ಸರ್ ಮೇಲೆ ಮೂಡಿಸುವ ಗುರು 0.28 ಮಿಲಿಮೀಟರ್ ಅಗಲ, ಒಂದು ಚಿರೋಟಿ ರವೆಯ ಕಾಳಿನಷ್ಟು. ನಡುವೆ ಚಿತ್ರವನ್ನು ಎರಡೂವರೆ ಪಟ್ಟು ಹಿಗ್ಗಿಸುವ ಬಾರ್ಲೋ ಲೆನ್ಸ್ ಸೇರಿಸಿದರೆ 0.7 ಮಿಲಿಮೀಟರ್. ಇನ್ನೂ ರಾಗಿಕಾಳಿನ ಗಾತ್ರಕ್ಕೆ ಬರಲಿಲ್ಲ. ಆದರೂ ಇಂದಿನ ಸೆನ್ಸರುಗಳಲ್ಲಿ ಅಷ್ಟಗಲದಲ್ಲೇ 240 ಪಿಕ್ಸೆಲ್‌ಗಳು ಕೂರುತ್ತವೆ. ಅಷ್ಟಿದ್ದರೆ ಧಾರಾಳ.

ತೊಂದರೆ ಶುರುವಾಗುವುದು ಇದರ ನಂತರ. ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವೆ. ಬರಿಗಣ್ಣಿಗೆ ಅದು ನಿಜ. ಟೆಲಿಸ್ಕೋಪಿನಲ್ಲಿ ದೊಡ್ಡದು ಮಾಡಿ ನೋಡಿದರೆ ಗ್ರಹ ಕುದಿಯುತ್ತದೆ. ಕಾದ ಕಾವಲಿಯ ಮೇಲಿನ ಗಾಳಿಯಲ್ಲಿ ಆಚೆಯ ಗೋಡೆ ನಡುಗಿದಂತೆ ಕಾಣುವುದಿಲ್ಲವೇ, ಹಾಗೆ. ಬಿಸಿ ಗಾಳಿ ಬೆಳಕನ್ನು ಒಂದಿಷ್ಟು ಬಗ್ಗಿಸುತ್ತದೆ, ತಣ್ಣನೆಯ ಗಾಳಿ ಇನ್ನೊಂದಿಷ್ಟು. ನಮ್ಮ ತಲೆಯ ಮೇಲೆ ಎರಡೂ ಸದಾ ಕಲೆಸಿಕೊಂಡಿರುತ್ತವೆ. ನನ್ನ ಕನ್ನಡಿಗೆ 0.6 ಆರ್ಕ್ ಸೆಕೆಂಡಿನಷ್ಟು ಸಣ್ಣ ವಿವರವನ್ನು ಬಿಡಿಸಿ ತೋರಿಸುವ ಶಕ್ತಿಯಿದೆ. ಆದರೆ ಸಾಮಾನ್ಯ ರಾತ್ರಿಯಲ್ಲಿ ಗಾಳಿ ಎಲ್ಲವನ್ನೂ ಎರಡು ಆರ್ಕ್ ಸೆಕೆಂಡಿನಷ್ಟು ಅಗಲಕ್ಕೆ ಒರೆಸಿಬಿಡುತ್ತದೆ.

ಹಾಗಾಗಿಯೇ ಬಹುಕಾಲ ಗ್ರಹಗಳ ವಿಷಯದಲ್ಲಿ ಕ್ಯಾಮೆರಾಕ್ಕಿಂತ ಪೆನ್ಸಿಲ್ಲೇ ಮೇಲಾಗಿತ್ತು. ಫಿಲ್ಮಿಗೆ ಬೆಳಕು ಹೀರಲು ಸೆಕೆಂಡುಗಟ್ಟಲೆ ಸಮಯ ಬೇಕಿತ್ತು. ಅಷ್ಟರಲ್ಲಿ ನಡುಕವೆಲ್ಲ ಸೇರಿ ಮಂಜಾಗುತ್ತಿತ್ತು. ಕಣ್ಣು ಹಾಗಲ್ಲ. ಗಾಳಿ ಒಮ್ಮೊಮ್ಮೆ ಅರೆಗಳಿಗೆ ಸುಮ್ಮನಾಗುತ್ತದೆ, ಆಗ ಕಂಡದ್ದನ್ನು ಕಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಕೈ ಬರೆಯುತ್ತದೆ. 1909ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಬಳಿಯ ಮ್ಯೂಡಾನ್ ವೀಕ್ಷಣಾಲಯದ 83 ಸೆಂಟಿಮೀಟರಿನ ದೂರದರ್ಶಕದಲ್ಲಿ ಖಗೋಳಜ್ಞ ಯೂಜೀನ್ ಆಂಟೋನಿಯಾಡಿ ಮಂಗಳವನ್ನು ನೋಡಿದ್ದು ಇಂಥದೇ ಅಪರೂಪದ ನಿಶ್ಚಲತೆಯಲ್ಲಿ. ಖಗೋಳಜ್ಞ ಪರ್ಸಿವಲ್ ಲೋವೆಲ್, ಮಂಗಳದ ಜನ ತೋಡಿದ್ದೆಂದು ನಂಬಿ, ಮಂಗಳದ ಮೇಲೆ ಎಳೆದಿದ್ದ ನೇರ ಕಾಲುವೆಗಳು ಆ ರಾತ್ರಿ ಕಾಣಲಿಲ್ಲ. ಅವುಗಳ ಜಾಗದಲ್ಲಿ ಒಡೆದ, ಅಡ್ಡಾದಿಡ್ಡಿ ಮಚ್ಚೆಗಳಿದ್ದವು. ಕಾಲುವೆ ತೋಡಿದ್ದು ಮಂಗಳದ ಜನರಲ್ಲ, ಕದಡಿದ ಗಾಳಿ ಮತ್ತು ಚುಕ್ಕೆಗಳನ್ನು ಗೆರೆಯಾಗಿ ಕೂಡಿಸುವ ನಮ್ಮ ಕಣ್ಣು.

ಆ ಅರೆಗಳಿಗೆಯನ್ನು ಯಂತ್ರ ಹಿಡಿಯುವಂತಾದದ್ದು ತೀರ ಈಚೆಗೆ, ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ವೆಬ್‌ಕ್ಯಾಮ್‌ಗಳು ಬಂದ ಮೇಲೆ. ಹವ್ಯಾಸಿಗಳು ಅವುಗಳ ಲೆನ್ಸ್ ಬಿಚ್ಚಿ ಟೆಲಿಸ್ಕೋಪಿಗೆ ಕಟ್ಟಿದರು. ಉಪಾಯ ಸರಳ: ಒಂದು ಫೋಟೊ ತೆಗೆಯಬೇಡಿ, ವಿಡಿಯೊ ತೆಗೆಯಿರಿ. ಸೆಕೆಂಡಿಗೆ ನೂರು ಫ್ರೇಮಿನಂತೆ ಎರಡು ನಿಮಿಷ ಓಡಿಸಿದರೆ ಹನ್ನೆರಡು ಸಾವಿರ ಗುರುಗಳು. ಬಹುಪಾಲು ಸೊಟ್ಟ, ಮಂಜು, ಜಜ್ಜಿದ ಟೊಮೆಟೊ. ಕೆಲವು ಮಾತ್ರ ಗಾಳಿ ಉಸಿರು ಬಿಗಿಹಿಡಿದಾಗ ಬಂದವು. ಆಟೋಸ್ಟ್ಯಾಕರ್ಟ್‌ನಂಥ ಉಚಿತ ತಂತ್ರಾಂಶ ಅಷ್ಟನ್ನೂ ಮೊರದಲ್ಲಿ ಕೇರಿದಂತೆ ಕೇರಿ, ಶೇಕಡಾ 20ರಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಎಸೆಯುತ್ತದೆ. ಉಳಿದ 2400 ಫ್ರೇಮುಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಪೇರಿಸುತ್ತದೆ. ಒಂದೊಂದು ಫ್ರೇಮಿನಲ್ಲೂ ರವೆ ಚೆಲ್ಲಿದಂಥ ಗದ್ದಲವಿರುತ್ತದಲ್ಲ, ಅದು ಸಂಖ್ಯೆಯ ವರ್ಗಮೂಲದಷ್ಟು ಕುಗ್ಗುತ್ತದೆ. 2400 ಪೇರಿಸಿದರೆ ಹೆಚ್ಚುಕಡಿಮೆ 49 ಪಟ್ಟು.

ಕೊನೆಯದು ಚಿತ್ರವನ್ನು ಮೊನಚು ಮಾಡುವ ಹಂತ. ಇದು ಇಂಗಿನ ಹಾಗೆ: ಚಿಟಿಕೆ ಹಾಕಿದರೆ ಗುರುವಿನ ಮೋಡಗಳ ಸುರುಳಿ ಏಳುತ್ತದೆ, ಇನ್ನೊಂದು ಚಿಟಿಕೆ ಹಾಕಿದರೆ ಇಲ್ಲದ ಗೆರೆಗಳೂ ಏಳುತ್ತವೆ. ಲೋವೆಲ್ ಕಾಲುವೆಗಳು ಈಗ ಸಾಫ್ಟ್‌ವೇರಿನಲ್ಲಿ ಸಿಗುತ್ತವೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಹೆಚ್ಚು ಫ್ರೇಮು ಪೇರಿಸಿದಷ್ಟೂ ಒಳ್ಳೆಯದಾದರೆ ವಿಡಿಯೊವನ್ನು ಅರ್ಧ ಗಂಟೆ ಓಡಿಸಬಹುದಲ್ಲ? ಗುರು ಬಿಡುವುದಿಲ್ಲ. ಅಷ್ಟು ದೊಡ್ಡ ಗೋಳ ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುತ್ತದೆ. ಎರಡು ನಿಮಿಷದಲ್ಲಿ ಅದರ ನಡುಭಾಗದ ಮೋಡಗಳು ಅರ್ಧ ಆರ್ಕ್ ಸೆಕೆಂಡ್ ಜರುಗಿರುತ್ತವೆ. ಅಂದರೆ ನನ್ನ ಕನ್ನಡಿಯ ಮಿತಿಗೆ ಬಂದು ಮುಟ್ಟಿತು. ಅದಕ್ಕೂ ಹೆಚ್ಚು ಹೊತ್ತು ಹಿಡಿದರೆ ಗ್ರಹವೇ ತನ್ನನ್ನು ಒರೆಸಿಕೊಳ್ಳುತ್ತದೆ. ಆ ತಿರುಗುವಿಕೆಯನ್ನು ಲೆಕ್ಕ ಹಾಕಿ ಹಿಂದಕ್ಕೆ ಸುತ್ತುವ ತಂತ್ರಾಂಶವೂ ಇದೆ. ಅದು ಎರಡನೆಯ ವರ್ಷದ ಪಾಠ. ನಮ್ಮ ಭೂಮಿಯೂ ಸುಮ್ಮನಿರುವುದಿಲ್ಲ. ಟೆಲಿಸ್ಕೋಪನ್ನು ತಿರುಗಿಸುವ ಮೋಟರ್ ಇಲ್ಲದಿದ್ದರೆ ಗುರು ತನ್ನ ಅಗಲದಷ್ಟು ದೂರವನ್ನು ಮೂರೇ ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ.

ಸಣ್ಣ ಟೆಲಿಸ್ಕೋಪಿನವರಿಗೆ ಒಂದು ಸಮಾಧಾನ. ಕನ್ನಡಿಯ ಅಗಲ ಹೆಚ್ಚಿದಂತೆ, ಅದರ ಮುಂದಿನ ಅಷ್ಟೂ ಗಾಳಿ ಒಟ್ಟಿಗೆ ಸುಮ್ಮನಾಗುವ ಅದೃಷ್ಟ ಬಲು ಬೇಗ ಕುಸಿಯುತ್ತದೆ. ವಿಜ್ಞಾನಿ ಡೇವಿಡ್ ಫ್ರೀಡ್ 1978ರಲ್ಲೇ ಈ ಲೆಕ್ಕ ಹಾಕಿ ತೋರಿಸಿದರು. ಎಂಟು ಇಂಚಿಗೆ ಮತ್ತೆ ಮತ್ತೆ ಸಿಗುವ ಒಳ್ಳೆಯ ಗಳಿಗೆ ಹದಿನಾಲ್ಕು ಇಂಚಿಗೆ ಅಪರೂಪ. ಸಿಕ್ಕಾಗ ಮಾತ್ರ ದೊಡ್ಡ ಕನ್ನಡಿಯದೇ ಗೆಲುವು.

ನಮಗೆ ಇನ್ನೊಂದು ಪುಣ್ಯವಿದೆ, ನಾವಿರುವ ಅಕ್ಷಾಂಶ. ಗ್ರಹ ದಿಗಂತದ ಹತ್ತಿರವಿದ್ದಷ್ಟೂ ಅದರ ಬೆಳಕು ಹೆಚ್ಚು ಗಾಳಿಯನ್ನು ಸೀಳಿ ಬರಬೇಕು. 2019ರಲ್ಲಿ ಗುರು ಲಂಡನ್ನಿನಲ್ಲಿ ಸುಮಾರು 16 ಡಿಗ್ರಿ ಎತ್ತರಕ್ಕೇರಿ ಮತ್ತೆ ಇಳಿಯುತ್ತಿತ್ತು, ಬೆಂಗಳೂರಿನಲ್ಲಿ 54 ಡಿಗ್ರಿಗೆ ಏರುತ್ತಿತ್ತು. ಗ್ರಹಗಳ ಛಾಯಾಗ್ರಹಣದಲ್ಲಿ ದೊಡ್ಡ ಹೆಸರಾದ ಇಂಗ್ಲೆಂಡಿನ ಡೇಮಿಯನ್ ಪೀಚ್ ಟೆಲಿಸ್ಕೋಪ್ ಹೊತ್ತುಕೊಂಡು ಬಾರ್ಬಡೋಸ್ ದ್ವೀಪಕ್ಕೆ ಹೋಗುತ್ತಿದ್ದದ್ದು ಇದಕ್ಕೇ. ಬಾರ್ಬಡೋಸ್ ಇರುವುದು 13 ಡಿಗ್ರಿ ಉತ್ತರದಲ್ಲಿ. ಬೆಂಗಳೂರು, ಮಂಗಳೂರು ಕೂಡ ಅಲ್ಲೇ.

ತಾರಸಿಯ ಕಾಂಕ್ರೀಟ್ ಈ ಪುಣ್ಯವನ್ನು ಅರ್ಧ ತಿಂದುಹಾಕುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ನಡುರಾತ್ರಿಯವರೆಗೂ ಕಕ್ಕುತ್ತಿರುತ್ತದೆ. ಹಿತ್ತಲಲ್ಲಿ ಮಣ್ಣು, ಹುಲ್ಲು ಇದ್ದವರು ಭಾಗ್ಯವಂತರು. ಮನೆಯೊಳಗಿಂದ ತಂದ ಕನ್ನಡಿಯೂ ಅಷ್ಟೇ, ಹೊರಗಿನ ತಂಪಿಗೆ ಹೊಂದುವ ತನಕ ಕೊಳವೆಯೊಳಗೇ ಬಿಸಿಗಾಳಿ ಸುತ್ತುತ್ತಿರುತ್ತದೆ. ಒಂದು ಇಡೀ ಚಳಿಗಾಲ ಆಕಾಶವನ್ನು ಬೈದುಕೊಂಡ ಮೇಲೆ ನನಗೆ ಇದು ಹೊಳೆಯಿತು. ಒಂದು ರಾತ್ರಿ ಕೆಳಮನೆಯ ಅಜ್ಜಿ ಮೇಲೆ ಬಂದರು. ಶನಿಯನ್ನು ತೋರಿಸುತ್ತೇನೆಂದರೆ, "ಬೇಡಪ್ಪ, ಮೊಮ್ಮಗನಿಗೆ ಸಾಡೇಸಾತಿ ನಡೀತಿದೆ" ಎಂದು ಹಿಂದೆ ಸರಿದರು. ಆಮೇಲೆ ನನಗೆ ಕಾಣದಂತೆ ಬಗ್ಗಿ ನೋಡಿ, "ಇವನಾ ಅವನು? ಎಷ್ಟು ಲಕ್ಷಣವಾಗಿದಾನೆ!" ಅಂದರು.

ಈ ಹವ್ಯಾಸದಿಂದ ವಿಜ್ಞಾನಕ್ಕೇನು ಲಾಭ ಎನ್ನುವವರಿಗೆ ಆಂಥನಿ ವೆಸ್ಲಿಯ ಕಥೆ ಹೇಳಬೇಕು. ಆಗ ಆಸ್ಟ್ರೇಲಿಯದ ಮರಂಬೇಟ್‌ಮನ್ ಎಂಬ ಊರಿನಲ್ಲಿದ್ದ ಈತ ವೃತ್ತಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದ. 2009ರ ಜುಲೈ 19ರ ರಾತ್ರಿ ತನ್ನ ಹದಿನಾಲ್ಕೂವರೆ ಇಂಚಿನ ಟೆಲಿಸ್ಕೋಪಿನಲ್ಲಿ ಗುರುವನ್ನು ಚಿತ್ರಿಸುತ್ತಿದ್ದ. ಗಾಳಿ ಕೆಟ್ಟಿತ್ತು. ನಿಲ್ಲಿಸಿಬಿಡೋಣವೆಂದುಕೊಂಡವನು ಅರ್ಧ ಗಂಟೆ ವಿರಾಮ ತೆಗೆದುಕೊಂಡು ಮತ್ತೆ ಬಂದ. ಗುರುವಿನ ದಕ್ಷಿಣ ಧ್ರುವದ ಬಳಿ ಹಿಂದೆಂದೂ ಇಲ್ಲದ ಕಪ್ಪು ಕಲೆ! ಯಾವುದೋ ಚಂದ್ರನ ನೆರಳಿರಬಹುದೆಂದು ತಾಳೆ ನೋಡಿದ, ಹೊಂದಲಿಲ್ಲ. ಸುದ್ದಿ ಹೋದ ಮೇಲೆ ಹವಾಯಿಯಲ್ಲಿರುವ ನಾಸಾದ ಅತಿಗೆಂಪು ದೂರದರ್ಶಕ ಅದೇ ಜಾಗವನ್ನು ನೋಡಿ ಖಚಿತಪಡಿಸಿತು: ಯಾವುದೋ ಆಕಾಶಕಾಯ ಗುರುವಿಗೆ ಅಪ್ಪಳಿಸಿತ್ತು. ನಾಲ್ಕೇ ದಿನದಲ್ಲಿ ಹಬಲ್ ಕೂಡ ಅತ್ತ ತಿರುಗಿತು. ಮರುವರ್ಷ ಜೂನ್ 3ರಂದು ಇನ್ನೊಂದು ಕಾಯ ಗುರುವಿಗೆ ಬಡಿದಾಗ ಆ ಮಿಂಚನ್ನೇ ವೆಸ್ಲಿಯ ವಿಡಿಯೊ ಹಿಡಿಯಿತು. ಅದೇ ಮಿಂಚು ಫಿಲಿಪ್ಪೀನ್ಸಿನ ಸೆಬು ನಗರದ ಹವ್ಯಾಸಿ ಕ್ರಿಸ್ಟೋಫರ್ ಗೋ ಅವರ ವಿಡಿಯೊದಲ್ಲೂ ದಾಖಲಾಗಿತ್ತು. ದೊಡ್ಡ ದೂರದರ್ಶಕಗಳಿಗೆ ಪ್ರತಿ ರಾತ್ರಿಯೂ ಗುರುವನ್ನು ಕಾಯುವಷ್ಟು ಪುರುಸೊತ್ತಿಲ್ಲ. ಹಿತ್ತಲಿನವರಿಗೆ ಇದೆ.

2026ರ ಅಕ್ಟೋಬರ್ 4ರಂದು ಶನಿ ಸೂರ್ಯನಿಗೆ ನೇರ ಎದುರು ಬರುತ್ತದೆ, ಫೋಟೊ ತೆಗೆಯಲು ಒಳ್ಳೆಯ ಹೊತ್ತು. 2025ರ ಮಾರ್ಚ್‌ನಲ್ಲಿ ಗೆರೆಯಷ್ಟಾಗಿದ್ದ ಅದರ ಬಳೆ ಮತ್ತೆ ತೆರೆದುಕೊಳ್ಳುತ್ತಿದೆ. ಗುರುವಿನ ಸರದಿ 2027ರ ಫೆಬ್ರವರಿ 10ರಂದು. ಮೋಡವಿಲ್ಲದಿದ್ದರೆ ಊಟಕ್ಕೆ ಕೂರುವ ಮುಂಚೆಯೇ ಟೆಲಿಸ್ಕೋಪನ್ನು ಹೊರಗಿಟ್ಟುಬಿಡಿ. ನೀವು ಉಂಡು ಬರುವಷ್ಟರಲ್ಲಿ ಕನ್ನಡಿ ತಣ್ಣಗಾಗಿರುತ್ತದೆ.