ಉಹುರು ರೈಲು

ಮಕ್ಕಳೇ, ಆಫ್ರಿಕಾ ಖಂಡದ ಭೂಪಟವನ್ನು ಬಿಡಿಸಿ ನೋಡಿರಿ. ಅದರ ದಕ್ಷಿಣ ಭಾಗದಲ್ಲಿ ಜಾಂಬಿಯಾ ಎಂಬ ದೇಶವಿದೆ. ಅದರ ಗಡಿಯುದ್ದಕ್ಕೂ ಬೆರಳಾಡಿಸಿರಿ. ಎಲ್ಲಿಯೂ ಸಮುದ್ರ ಸಿಗುವುದಿಲ್ಲ. ಸುತ್ತಲೂ ಎಂಟು ದೇಶಗಳಿವೆ. ಜಾಂಬಿಯಾದಲ್ಲಿ ತಾಮ್ರದ ಗಣಿಗಳು ಬಹಳ. ತಾಮ್ರದ ಮಾರಾಟವೇ ಆ ದೇಶದ ಮುಖ್ಯ ಆದಾಯ. ಆದರೆ ತಾಮ್ರವನ್ನು ಹಡಗಿಗೆ ಏರಿಸಲು ಸ್ವಂತ ಬಂದರಿಲ್ಲ. ನೆರೆಯವರ ದಾರಿಯನ್ನೇ ನಂಬಬೇಕು. ಆ ದಾರಿ ಮುಚ್ಚಿಹೋದರೆ ಏನು ಗತಿ?

ಜಾಂಬಿಯಾ 1964 ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಕೆನೆತ್ ಕೌಂಡ ಮೊದಲ ಅಧ್ಯಕ್ಷರಾದರು. ಆಗ ಅಲ್ಲಿಯ ತಾಮ್ರವು ಹೆಚ್ಚಾಗಿ ದಕ್ಷಿಣದ ರೊಡೇಶಿಯದ ಮೂಲಕ ಸಮುದ್ರವನ್ನು ತಲುಪುತ್ತಿತ್ತು. ರೊಡೇಶಿಯವೇ ಇಂದಿನ ಜಿಂಬಾಬ್ವೆ. 1965 ರಲ್ಲಿ ಅಲ್ಲಿನ ಬಿಳಿಯರ ಸರಕಾರವು ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಆಫ್ರಿಕಾದ ಮೂಲ ಜನರಿಗೆ ಸಮಾನ ಹಕ್ಕು ಕೊಡಲು ಅದು ಸಿದ್ಧವಿರಲಿಲ್ಲ. ಅಂಥವರ ದಾರಿಯನ್ನು ನಂಬಿ ಬದುಕುವುದು ಜಾಂಬಿಯಾಕ್ಕೆ ಬೇಡವಾಯಿತು.

ಈಶಾನ್ಯದಲ್ಲಿ ಟಾಂಜಾನಿಯಾ ದೇಶವಿದೆ. ಅಲ್ಲಿ ದಾರ್ ಎಸ್ ಸಲಾಂ ಎಂಬ ದೊಡ್ಡ ಬಂದರು ಇದೆ. ಅಲ್ಲಿಗೆ ರೈಲುಹಾದಿ ಹಾಕಬೇಕೆಂದು ಕೌಂಡ ಅವರೂ ಟಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನೈರೇರೆ ಅವರೂ ಬಯಸಿದರು. ಅವರು ವಿಶ್ವಬ್ಯಾಂಕನ್ನೂ ಪಾಶ್ಚಾತ್ಯ ದೇಶಗಳನ್ನೂ ಕೇಳಿದರು. "ಇದರಿಂದ ಲಾಭವಿಲ್ಲ" ಎಂಬ ಉತ್ತರವೇ ಬಂತು. ಒಪ್ಪಿದ್ದು ಚೀನಾ.

ಆಗ ಚೀನಾ ಇಂದಿನಂತೆ ಸಿರಿವಂತ ದೇಶವಾಗಿರಲಿಲ್ಲ. ಆದರೂ 1967 ರ ಸೆಪ್ಟೆಂಬರಿನಲ್ಲಿ ಬೀಜಿಂಗಿನಲ್ಲಿ ಒಪ್ಪಂದವಾಯಿತು. ಚೀನಾ 98 ಕೋಟಿ 80 ಲಕ್ಷ ಯುವಾನ್ ಸಾಲ ಕೊಟ್ಟಿತು. ಅದಕ್ಕೆ ಬಡ್ಡಿಯಿರಲಿಲ್ಲ. ಊರ ಕೆಲಸಗಾರರ ಕೂಲಿಗೆ ಹಣ ಹೊಂದಿಸಿದ ಬಗೆ ಕೇಳಿರಿ. ಚೀನಾದ ಸಾಮಾನುಗಳನ್ನು ಎರಡೂ ದೇಶಗಳು ಸಾಲವಾಗಿ ಪಡೆದು ಅಂಗಡಿಗಳಲ್ಲಿ ಮಾರಿದವು. ಆ ಹಣದಿಂದ ಕೂಲಿ ಕೊಟ್ಟರು. ಹೀಗೆ ರೈಲಿನೊಡನೆ ಚೀನಾದ ವ್ಯಾಪಾರವೂ ಬೆಳೆಯಿತು.

1970 ರಲ್ಲಿ ಕೆಲಸ ಆರಂಭವಾಯಿತು. ಚೀನಾದಿಂದ ಸಾವಿರಾರು ಇಂಜಿನಿಯರರೂ ಕೆಲಸಗಾರರೂ ಹಡಗಿನಲ್ಲಿ ಬಂದರು. ಆಫ್ರಿಕಾದ ಸಾವಿರಾರು ಕೆಲಸಗಾರರು ಅವರ ಜತೆಗೂಡಿದರು. ದಾರಿಯಲ್ಲಿ ಕಾಡು, ಕೆಸರು, ಕಡಿದಾದ ಬೆಟ್ಟಗಳು. ಮುನ್ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಬೇಕಾಯಿತು. ಇಪ್ಪತ್ತಕ್ಕೂ ಹೆಚ್ಚು ಸುರಂಗಗಳನ್ನು ಕೊರೆಯಬೇಕಾಯಿತು. ಅರುವತ್ತಕ್ಕೂ ಹೆಚ್ಚು ಚೀನೀಯರು ಪ್ರಾಣ ತೆತ್ತರು. ಅವರಲ್ಲಿ ಹಲವರ ಸಮಾಧಿಗಳು ದಾರ್ ಎಸ್ ಸಲಾಂ ಬಳಿ ಇಂದಿಗೂ ಇವೆ. ಆಫ್ರಿಕಾದ ಕೆಲಸಗಾರರೂ ಸತ್ತರು. 1975 ರಲ್ಲಿ ಹಳಿಗಳು ಜಾಂಬಿಯಾದ ಕಪಿರಿ ಂಪೋಶಿ ಪಟ್ಟಣವನ್ನು ಮುಟ್ಟಿದವು. ಮರುವರ್ಷ ಚೀನಾ ಈ ರೈಲುಹಾದಿಯನ್ನು ಎರಡೂ ದೇಶಗಳಿಗೆ ಒಪ್ಪಿಸಿತು. ಇದರ ಉದ್ದ 1,860 ಕಿಲೋಮೀಟರ್. ನಮ್ಮ ಕೊಂಕಣ ರೈಲುಹಾದಿಯ ಸುಮಾರು ಎರಡೂವರೆ ಪಾಲು! ಜನರು ಇದನ್ನು 'ಉಹುರು ರೈಲು' ಎಂದರು. ಸ್ವಾಹಿಲಿ ಭಾಷೆಯಲ್ಲಿ 'ಉಹುರು' ಎಂದರೆ ಸ್ವಾತಂತ್ರ್ಯ.

ಇದರಿಂದ ಚೀನಾಕ್ಕೆ ಏನು ಸಿಕ್ಕಿತು? ಗೆಳೆಯರು ಸಿಕ್ಕರು. 1971 ರಲ್ಲಿ ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನವನ್ನು ಬೀಜಿಂಗ್ ಸರಕಾರಕ್ಕೆ ಕೊಡಬೇಕೇ ಎಂದು ಮತದಾನ ನಡೆಯಿತು. ಟಾಂಜಾನಿಯಾ, ಜಾಂಬಿಯಾ ಸೇರಿದಂತೆ ಆಫ್ರಿಕಾದ ಅನೇಕ ದೇಶಗಳು ಅದರ ಪರವಾಗಿ ಮತ ಹಾಕಿದವು. ದೇಶಗಳ ಗೆಳೆತನದಲ್ಲಿ ಕೊಡುವುದೂ ಇದೆ, ಪಡೆಯುವುದೂ ಇದೆ.

ಆದರೆ ರೈಲುಹಾದಿ ಕಟ್ಟಿದರೆ ಸಾಲದು, ನೋಡಿಕೊಳ್ಳಬೇಕು. ವರ್ಷಕ್ಕೆ 20 ಲಕ್ಷ ಟನ್ ಸರಕು ಸಾಗಿಸಲೆಂದು ಕಟ್ಟಿದ ಹಾದಿಯಿದು. ಸರಕು ಆ ಮಟ್ಟವನ್ನು ಮುಟ್ಟಲೇ ಇಲ್ಲ. ಇಂಜಿನುಗಳು ಹಳತಾದವು. ದುರಸ್ತಿಗೆ ಹಣ ಸಾಲಲಿಲ್ಲ. ತಾಮ್ರವು ಲಾರಿಗಳನ್ನು ಏರಿತು.

ಈ ನಡುವೆ ಚೀನಾ ಬೆಳೆದು ಜಗತ್ತಿನ ದೊಡ್ಡ ವ್ಯಾಪಾರಿಯಾಯಿತು. ಅದರ ಕಾರ್ಖಾನೆಗಳಿಗೆ ತಾಮ್ರ ಬೇಕು. ಜಾಂಬಿಯಾಕ್ಕೆ ರಸ್ತೆ, ವಿದ್ಯುತ್, ವಿಮಾನ ನಿಲ್ದಾಣ ಬೇಕು. ಇವುಗಳಿಗೆ ಚೀನಾದಿಂದ ಮತ್ತೆ ಸಾಲ ಬಂತು. ಈ ಸಲ ಹೆಚ್ಚಿನ ಸಾಲಗಳಿಗೆ ಬಡ್ಡಿಯಿತ್ತು. ಬೇರೆಡೆಯಿಂದಲೂ ಜಾಂಬಿಯಾ ಸಾಲ ತಂದಿತ್ತು. 2020 ರಲ್ಲಿ ಅದಕ್ಕೆ ಕಂತು ಕಟ್ಟಲಾಗಲಿಲ್ಲ. ಸಾಲ ಕೊಟ್ಟ ದೇಶಗಳಲ್ಲಿ ಚೀನಾದ ಪಾಲೇ ದೊಡ್ಡದಾಗಿತ್ತು. 2023 ರಲ್ಲಿ ಚೀನಾ ಮತ್ತು ಇತರ ದೇಶಗಳು ಸೇರಿ ಸಾಲ ತೀರಿಸಲು ಹೆಚ್ಚು ಕಾಲಾವಕಾಶ ಕೊಡಲು ಒಪ್ಪಿದವು.

ಉಹುರು ರೈಲಿನ ಕಥೆ ಮುಗಿದಿಲ್ಲ. ಅದನ್ನು ಮತ್ತೆ ಸುಸ್ಥಿತಿಗೆ ತರಲು 2024 ರಲ್ಲಿ ಮೂರೂ ದೇಶಗಳು ಬೀಜಿಂಗಿನಲ್ಲಿ ಒಪ್ಪಿಕೊಂಡವು. ಈ ಸಲ ಹಣ ಹಾಕುವುದು ಚೀನಾದ ಒಂದು ಕಂಪೆನಿ. ರೈಲು ಓಡಿಸಿ ಅದು ಆ ಹಣವನ್ನು ಮರಳಿ ಪಡೆಯಬೇಕು. ಹಿಂದಿನದು ಸರಕಾರಗಳ ಗೆಳೆತನದ ಸಾಲ. ಇಂದಿನದು ಲಾಭನಷ್ಟದ ಲೆಕ್ಕ. ದೊಡ್ಡ ದೇಶವೊಂದು ಸಹಾಯಕ್ಕೆ ಬಂದಾಗ ಚಿಕ್ಕ ದೇಶವು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇದು ನಮಗೆ ಬೇಕೇ? ತೀರಿಸಲು ಆಗುವುದೇ? ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು?

ಪದಗಳ ಅರ್ಥ
ಹೇರಳ - ಬಹಳ, ಸಾಕಷ್ಟು
ಕಂತು - ಸಾಲದಲ್ಲಿ ಒಂದು ಸಲಕ್ಕೆ ಕಟ್ಟುವ ಭಾಗ
ಸುಸ್ಥಿತಿ - ಒಳ್ಳೆಯ ಸ್ಥಿತಿ

ಉತ್ತರಿಸಿರಿ
1. ಜಾಂಬಿಯಾಕ್ಕೆ ಹೊಸ ರೈಲುಹಾದಿ ಏಕೆ ಬೇಕಾಯಿತು?
2. ಕೆಲಸಗಾರರ ಕೂಲಿಗೆ ಹಣ ಹೇಗೆ ಒದಗಿತು?
3. ಈ ರೈಲುಹಾದಿಯಿಂದ ಚೀನಾಕ್ಕೆ ಆದ ಪ್ರಯೋಜನವೇನು?
4. ಭೂಪಟದಲ್ಲಿ ಜಾಂಬಿಯಾದ ಎಂಟು ನೆರೆದೇಶಗಳನ್ನು ಗುರುತಿಸಿರಿ.