ಗದಗಿನ ಪುಣ್ಯಾಶ್ರಮ: ಕೈಯಿಂದ ಕಲಿತ ಗಾನ

ಗದಗಿಗೆ ಹೋದವರು ವೀರನಾರಾಯಣನನ್ನೂ ತ್ರಿಕೂಟೇಶ್ವರನನ್ನೂ ಕಂಡು ಮರಳುವುದು ವಾಡಿಕೆ. ಅದೇ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರೂ ನಿರ್ಗತಿಕ ಬಾಲಕರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಜಮಖಾನೆಯ ಮೇಲೆ ಕುಳಿತು ಸಂಗೀತ ಕಲಿಯುವ ಪರಿಯನ್ನು ನೋಡಲು ಅರ್ಧ ದಿವಸ ಮೀಸಲಿಡುವವರು ವಿರಳ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಹುಟ್ಟುಗುರುಡ ಗದಿಗೆಯ್ಯನ ಕಂಠಶ್ರೀಯನ್ನು ಗುರುತಿಸಿ, ಅವನಿಗೆ ವಿದ್ಯೆಯ ಮಾರ್ಗವನ್ನು ತೆರೆದವರು ಶಿವಯೋಗಮಂದಿರದ ಸ್ಥಾಪಕರಾದ ಹಾನಗಲ್ಲ ಕುಮಾರಸ್ವಾಮಿಗಳು. ಕರ್ನಾಟಕ, ಹಿಂದುಸ್ತಾನಿ ಎರಡರಲ್ಲಿಯೂ ಪಾರಂಗತನಾಗಿ ಪಂಚಾಕ್ಷರ ಗವಾಯಿಗಳೆನಿಸಿದ ಆ ಬಾಲಕನು, ತನಗೆ ದೊರೆತುದು ತನ್ನಂಥವರಿಗೂ ದೊರೆಯಬೇಕೆಂದು ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸಿ, ಅವರ ಅನ್ನಕ್ಕಾಗಿ ನಾಟಕ ಮಂಡಳಿಯನ್ನೂ ನಡೆಸಿದುದುಂಟು. 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ ಆಶ್ರಮದ ಭಾರವನ್ನು ಹೊತ್ತವರು, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಶಿಷ್ಯ ಪುಟ್ಟರಾಜ ಗವಾಯಿಗಳು. 2010ರ ವರೆಗೆ, ನಾಟಕ ಬರೆದೂ ತುಲಾಭಾರದಲ್ಲಿ ಕುಳಿತೂ, ಆ ಕಾಣಿಕೆಯಿಂದ ಮಕ್ಕಳ ದಾಸೋಹವನ್ನು ನಡೆಸಿದರು. ಅವರು ಎಲ್ಲರಿಗೂ ಅಜ್ಜ.

ಕಾಣದವನಿಗೆ ವಾದ್ಯವನ್ನು ಕಲಿಸುವ ಬಗೆಯಾದರೂ ಎಂತು? ಹಾರ್ಮೋನಿಯಮ್ಮಿನ ಕರಿಯ ಮನೆಗಳು ಬಿಳಿಯವುಗಳಿಗಿಂತ ಎತ್ತರದಲ್ಲಿದ್ದು, ಎರಡು ಮೂರು, ಎರಡು ಮೂರು ಎಂದು ಗುಂಪುಗೂಡಿರುವುದರಿಂದ, ಆ ಏರುತಗ್ಗನ್ನು ಸವರಿ ನೋಡಿದ ಬೆರಳು ಷಡ್ಜದ ನೆಲೆಯನ್ನು ತಾನೇ ಕಂಡುಕೊಳ್ಳುತ್ತದೆ. ತಬಲೆಯಲ್ಲಿ ನಯವಾದ ಚರ್ಮ ಎಲ್ಲಿ ಮುಗಿಯಿತು, ನಡುವಣ ಕರಣೆಯ ಒರಟು ಎಲ್ಲಿ ಮೊದಲಾಯಿತು ಎಂಬುದನ್ನು ಅಂಗೈ ಅರಿಯುತ್ತದೆ. ‘ನಾ’ ಅಂಚಿನದು, ‘ತಿನ್’ ಒಳಗಿನದು ಎಂಬ ಭೇದವನ್ನು ಗುರುವು ಶಿಷ್ಯನ ಕೈಯನ್ನು ಹಿಡಿದು ಬಡಿಸಿಯೇ ತಿಳಿಸಬೇಕು. ತಂಬೂರಿಗೆ ಇಂತಹ ಗುರುತುಗಳೇ ಇಲ್ಲ. ಅಲ್ಲಿ ಕಿವಿಯೊಂದೇ ಪ್ರಮಾಣ. ಬಂದಿಶನ್ನು ಬರೆದುಕೊಳ್ಳದೆ ಕೇಳಿ ಕೇಳಿಯೇ ಕಂಠಸ್ಥ ಮಾಡಿಕೊಳ್ಳುವ ಈ ಪದ್ಧತಿಯು, ಪುಸ್ತಕವನ್ನು ಮುಂದಿಟ್ಟುಕೊಂಡು ಹಾಡುವ ನಮ್ಮ ನಗರದ ವಿದ್ಯಾರ್ಥಿಗಳಿಗೂ ಹಿತವಾದೀತೆಂದು ನನ್ನ ಎಣಿಕೆ.

ಗಾಯಕ ಬಸವರಾಜ ರಾಜಗುರುಗಳು ಪಂಚಾಕ್ಷರ ಗವಾಯಿಗಳ ಶಿಷ್ಯರು; ಗಾಯಕ ವೆಂಕಟೇಶ ಕುಮಾರರು ಹನ್ನೆರಡರ ಹರೆಯದಲ್ಲಿ ಪುಟ್ಟರಾಜರ ಬಳಿಗೆ ಬಂದವರು. ಕಣ್ಣಿದ್ದ ಇವರೀರ್ವರ ಕೀರ್ತಿಯನ್ನು ನಾವು ಮೆಚ್ಚುವುದು ಯುಕ್ತವೇ ಸರಿ. ಆದರೆ ಆಶ್ರಮದ ನಿಜವಾದ ಸಾಧನೆಯು, ಹೆಸರು ಹೊರಗೆ ಕೇಳಿಬಾರದ ಆ ಅಂಧರಲ್ಲಿದೆ: ಜಾತ್ರೆಯ ಪುರಾಣ ಪ್ರವಚನಕ್ಕೆ ಹಾರ್ಮೋನಿಯಂ ನುಡಿಸಿ, ಭಜನೆಗೆ ತಬಲಾ ಸಾಥಿಯಾಗಿ, ಶಾಲೆಯಲ್ಲಿ ಸಂಗೀತ ಮಾಸ್ತರರಾಗಿ ಸಂಸಾರ ನಡೆಸುವವರಲ್ಲಿ. ಭಿಕ್ಷೆಯೊಂದೇ ಗತಿಯೆಂದು ಲೋಕ ತೀರ್ಮಾನಿಸಿದ್ದವರ ಕೈಗೆ ಸಂಪಾದನೆಯನ್ನಿತ್ತುದು ಅಲ್ಪವಲ್ಲ. ಕುರುಡನಾದವನೆಲ್ಲ ಗವಾಯಿಯೇ ಆಗಬೇಕೆಂದು ಬಗೆಯುವುದೂ ಅನ್ಯಾಯವೇ. ಸ್ವರ ಒಲಿಯದ ಹುಡುಗನಿಗೆ ಬ್ರೈಲ್ ಪಾಠವೂ ಬೇರೆ ಕಸುಬೂ ಬೇಕು.

ದಾಸೋಹಕ್ಕೆ ಜೋಳದ ಚೀಲವನ್ನು ಕಳುಹುವ ಭಕ್ತರಿಗೆ ಉತ್ತರ ಕರ್ನಾಟಕದಲ್ಲಿ ಕೊರತೆಯಿಲ್ಲ. ಅದೇ ಭಕ್ತರು ತಮ್ಮೂರ ಉತ್ಸವಕ್ಕೆ ಅಂಧ ಕಲಾವಿದನನ್ನು ಕರೆಸಿದಾಗ ‘ಸೇವೆ’ಯೆಂದು ಹೇಳಿ ಸಂಭಾವನೆಯಲ್ಲಿ ಚೌಕಾಸಿ ಮಾಡದೆ, ಕಣ್ಣುಳ್ಳ ಕಲಾವಿದನಿಗೆ ಕೊಡುವಷ್ಟನ್ನೇ ಅವನಿಗೂ ಕೊಡಲಿ.